ಹಿಂಗಾಲು ಹಿಡಿಯೂದು ಕಲಿಸಿದಾಕಿ

ತುಕ್ಕಾನಟ್ಟಿ, ೨೧ ನವೆಂಬರ್, ಶುಕ್ರವಾರ

ಅಳಿಯಾ ಭೀಮಶಿ, ನಿನ್ನ ಮೊಣಕಾಲ ನೋವು ಹೆಂಗೈತಿ? ಹೆಂಡತಿ ಶೈಲಾ, ಮಗಳು ಅರ್ಚನಾ ಆರಾಮ ಅದಾರೇನು? ನಿಮ್ಮವ್ವ ಯಲ್ಲಕ್ಕನ ಮನಸ್ಸಿಗೆ ಆರಾಮಿಲ್ಲ. ಇವತ್ತ ನೀ ಟೀವಿಯೊಳಗ ಕಬಡ್ಡಿ ಬಿಡೂ ಮಾತು ಕೇಳಾಕ ಓಣಿ ಮಂದಿನ್ನೆಲ್ಲಾ ಕರದು ಚಾ ಕೊಟ್ಟಿದ್ದಳು.

ಹತ್ತು ವರ್ಷ ಎಂಥೆಂಥಾ ರೇಡರ್‌ಗಳನ್ನ ಕೆಡವಿದ ಆ ಕಾಲಿನ ಹಿಡಿತ ಯಾರು ಕಲಿಸಿದರು ಅಂತ ಟೀವಿಯವರು ಕೇಳಿದರ, “ಕೋಚ್ ಸಾಹೇಬರು” ಅಂದಿ. ಸುಳ್ಳ! ಓಡೂ ಟಗರಿನ ಹಿಂಗಾಲು ಹೆಂಗ ಹಿಡೀಬೇಕು ಅಂತ ಹಟ್ಟಿಯೊಳಗ ನಿನಗ ಕಲಿಸಿದಾಕಿ ನಿಮ್ಮವ್ವ, ನನ್ನ ತಂಗಿ. ಕುರಿ ಕಾಯೂವಾಕಿ ಮಗ ಅನ್ನಾಕ ನಾಚಿಕಿ ಬಂತೇನೋ?

“ಜಾಹೀರಾತು ಮುಗದಮ್ಯಾಲ ನಿನ್ನ ಹೆಸರು ಬರತೈತೇನ ಯಲ್ಲಕ್ಕಾ?” ಅಂತ ಬಾಜೂಮನಿ ಶಹನಾಜಬಿ ನಕ್ಕಳು. ಯಲ್ಲಕ್ಕ ಚಾದ ಕಪ್ಪು ತೊಳಿಯಾಕ ಎದ್ದಳು.

ಫೋನ್ ಮಾಡಿದರ ನನ್ನ ಬಾಯಾಗ ಬೈಗಳಷ್ಟ ಬರತಾವು, ಅದಕ್ಕ ಈ ಪತ್ರದಾಗ ಬರಿಯಾಕತ್ತೇನಿ. ಲಗೂ ಒಂದು ಪತ್ರ ಬರಿಯೋ. ನನಗ ಬ್ಯಾಡ, ಆಕಿಗೆ ಬರಿ.