ಸ್ಕ್ಯಾನ್ ಯಂತ್ರದಿಂದ ನನ್ನ ತಂಗಿಯ ದನಿಯನ್ನು ಅಳಿಸಬೇಡಿ

ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ನಿಮ್ಮ ಆಸ್ಪತ್ರೆಯ ಹೃದಯದ ಸಿ.ಟಿ. ಸ್ಕ್ಯಾನ್ ಯಂತ್ರದಿಂದ ನನ್ನ ತಂಗಿಯ ದನಿಯನ್ನು ಅಳಿಸಿಹಾಕಲು ನೀವು ಆದೇಶ ಹೊರಡಿಸಿದ್ದೀರಿ. ‘ಮೃತ ಸಿಬ್ಬಂದಿಯ ಧ್ವನಿಯಿಂದ ರೋಗಿಗಳ ಮನಸ್ಸಿಗೆ ಕಸಿವಿಸಿಯಾಗುತ್ತದೆ’ ಎಂಬುದು ನೀವು ಕೊಟ್ಟ ಕಾರಣ. ರೋಗಿಗಳ ಮನಸ್ಸಿನ ಬಗ್ಗೆ ತಮಗೆ ಈ ಕಾಳಜಿ ಯಾವಾಗಿನಿಂದ ಶುರುವಾಯಿತು ಸ್ವಾಮಿ? ಆಕೆ ಬದುಕಿದ್ದಾಗ ಎಲ್ಲಿತ್ತು?

ಯಂತ್ರ ಬಂದ ಹೊಸತರಲ್ಲಿ ಅದು ಪರಭಾಷೆಯಲ್ಲಿ ಮಾತಾಡುತ್ತಿತ್ತು. ಉಸಿರು ಹಿಡಿ ಎಂದರೆ ಕೆಲವರು ಬಿಡುತ್ತಿದ್ದರು, ಕೆಲವರು ‘ಏನಂದ್ರಿ?’ ಎಂದು ಎದ್ದು ಕೂರುತ್ತಿದ್ದರು. ಹೃದಯದ ರಕ್ತನಾಳ ಬಲು ಸಣ್ಣದು. ರೋಗಿ ಉಸಿರಾಡಿದರೆ, ಎದೆ ಜೋರಾಗಿ ಹೊಡೆದುಕೊಂಡರೆ ಚಿತ್ರ ಕಲಸಿಹೋಗುತ್ತದೆ. ಹಾಗಾಗಿ ಹೊರಗಡೆ ಮೇಜಿನ ಮುಂದೆ ಕೂತು ರೋಗಿಗಳ ಹೆಸರು ಬರೆದುಕೊಳ್ಳುತ್ತಿದ್ದ ನನ್ನ ತಂಗಿಯನ್ನೇ ಕರೆದು ದನಿ ಮುದ್ರಿಸಿಕೊಂಡರು. ‘ಉಸಿರು ಎಳೆದುಕೊಳ್ಳಿ. ಹಿಡಿದುಕೊಳ್ಳಿ. ಆಯ್ತು, ಈಗ ಬಿಡಿ.’ ಅವತ್ತು ಮನೆಗೆ ಬಂದವಳೇ ಗಂಡನ ಮೇಲೆ ಪ್ರಯೋಗ ಮಾಡಿದಳು. ಅವನು ಸಾರಿಗೆ ಉಪ್ಪು ಕಮ್ಮಿ ಎಂದು ಬಾಯಿ ತೆರೆದರೆ ಸಾಕು, ‘ಹಿಡಿದುಕೊಳ್ಳಿ’ ಅನ್ನುವಳು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಆ ದನಿಯ ಒಡತಿಗೇ ಮೆಟ್ಟಿಲು ಹತ್ತುವಾಗ ದವಡೆ ನೋಯತೊಡಗಿತು, ಉಸಿರು ಸಿಕ್ಕಿಕೊಳ್ಳತೊಡಗಿತು. ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡಿದರು, ಸರಿಯಿದೆ ಎಂದು ಬಂತು. ಆದರೂ ನಿಮ್ಮದೇ ಹೃದಯತಜ್ಞೆ, ‘ನನಗೆ ಯಾಕೋ ಸಮಾಧಾನ ಇಲ್ಲ, ಸಿ.ಟಿ. ಮಾಡಿಸಿಬಿಡೋಣ’ ಎಂದರು. ಸಿಬ್ಬಂದಿಯ ಸ್ಕ್ಯಾನಿಗೆ ನಿಮ್ಮ ಅನುಮತಿ ಬೇಕಿತ್ತು. ತಂಗಿ ನಿಮ್ಮನ್ನು ಹಜಾರದಲ್ಲೇ ನಿಲ್ಲಿಸಿ ಕೇಳಿದಳು. ನೀವು ನಕ್ಕಿರಿ.

“ಏನಮ್ಮಾ, ಬೇರೆಯವರ ಹಾರ್ಟ್ ನೋಡೀ ನೋಡೀ ನಿನಗೂ ಹಾರ್ಟ್ ಪ್ರಾಬ್ಲಮ್ಮಾ? ಗ್ಯಾಸು ಅಷ್ಟೆ. ಒಂದು ಮಾತ್ರೆ ನುಂಗು, ಹೋಗಿ ಕೆಲಸ ನೋಡು.”

“ನೋಡಕ್ಕಾ, ನಮ್ ಸಾಹೇಬ್ರ ಕಣ್ಣಲ್ಲೇ ಸ್ಕ್ಯಾನರ್ ಇದೆ” ಎಂದು ಅವಳು ಮನೆಗೆ ಬಂದು ನನ್ನ ಮುಂದೆ ನಕ್ಕಳು. ನನಗೆ ಮೈಯೆಲ್ಲ ಉರಿದುಹೋಯಿತು. “ನಾನೇ ಬಂದು ಕೇಳ್ತೀನಿ ಕಣೇ” ಎಂದರೆ, “ಸುಮ್ನಿರಕ್ಕಾ, ಕೆಲಸಕ್ಕೆ ಕಲ್ಲು ಹಾಕ್ಬೇಡ” ಎಂದಳು. ಆ ತಿಂಗಳು ಮುಗಿಯುವುದರೊಳಗೆ ಸ್ಕ್ಯಾನ್ ಕೋಣೆಯ ಬಾಗಿಲ ಮುಂದೆಯೇ, ಒಬ್ಬ ಅಜ್ಜನನ್ನು ಒಳಗೆ ಕಳಿಸಿ ತಿರುಗುವಾಗ, ಕುಸಿದು ಬಿದ್ದಳು. ಮತ್ತೆ ಏಳಲಿಲ್ಲ. ಹೃದಯದ ಮುಖ್ಯ ರಕ್ತನಾಳ ಬಹುತೇಕ ಕಟ್ಟಿಹೋಗಿತ್ತಂತೆ. ಶವಪರೀಕ್ಷೆ ಮಾಡಿದವರು ಹೇಳಿದರು. ಅವಳು ಕೂರುತ್ತಿದ್ದ ಕುರ್ಚಿಗೂ ಅದನ್ನು ತೋರಿಸಬಹುದಾಗಿದ್ದ ಯಂತ್ರಕ್ಕೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಗೋಡೆಗಿಂತ ದಪ್ಪ ನೀವಿದ್ದಿರಿ.

ಈಗ ನಿಮ್ಮ ಆದೇಶದ ನಿಜವಾದ ಕಾರಣಕ್ಕೆ ಬರೋಣ. ತಂಗಿಯ ಚಪ್ಪಲಿ, ಊಟದ ಡಬ್ಬಿ ತೆಗೆದುಕೊಂಡು ಹೋಗಲು ನಾನು ಬಂದಿದ್ದ ದಿನವೇ ತಮಗೂ ಎದೆ ಹಿಂಡಿದಂತಾಗಿತ್ತು. ಗ್ಯಾಸ್ ಮಾತ್ರೆ ಯಾಕೆ ನುಂಗಲಿಲ್ಲ ಸಾರ್? ಸಾಲಿನಲ್ಲಿ ಕಾದಿದ್ದವರನ್ನೆಲ್ಲ ದಾಟಿಕೊಂಡು ನೆಟ್ಟಗೆ ಯಂತ್ರದೊಳಗೆ ಹೋದಿರಿ. ಸ್ವಲ್ಪ ಹೊತ್ತಿಗೆ ಅಂಗಿಯ ಗುಂಡಿ ಹಾಕಿಕೊಳ್ಳದೆ, ಬೆವರುತ್ತಾ ಹೊರಗೆ ಬಂದು ಅಷ್ಟೂ ಜನರ ಮುಂದೆ ಕೂಗಿದಿರಿ: “ಮೊದ್ಲು ಆ ಹೆಂಗಸಿನ ದನಿ ನಿಲ್ಲಿಸ್ರೀ! ನನ್ ಕೈಲಿ ಆಗಲ್ಲ!” ಎದೆಬಡಿತ ಇಳಿಸುವ ಮಾತ್ರೆ ಕೊಟ್ಟಿದ್ದರೂ ಅದು ಇಳಿಯಲೇ ಇಲ್ಲವಂತೆ. ಚಿತ್ರ ಪೂರ್ತಿ ಕಲಸಿಹೋಯಿತು, ಮತ್ತೊಮ್ಮೆ ಬರಬೇಕು ಎಂದು ಒಳಗಿನವರು ನಿಮಗೆ ಬಾಗಿಲಲ್ಲೇ ಹೇಳಿದರು. ತಂಗಿಯ ಡಬ್ಬಿ ಹಿಡಿದು ನಾನು ಅಲ್ಲೇ ನಿಂತಿದ್ದೆ. ನನಗೆ ಖುಷಿಯಾಯಿತು. ಹೌದು, ಖುಷಿಯಾಯಿತು, ಬರೆದುಕೊಳ್ಳಿ.

ಅಂದರೆ ಕಸಿವಿಸಿ ರೋಗಿಗಳಿಗಲ್ಲ, ಒಬ್ಬ ರೋಗಿಗೆ. ಅವಳ ದನಿಯಿಂದ ಎಷ್ಟೋ ಜನರ ರಕ್ತನಾಳ ಸ್ಪಷ್ಟವಾಗಿ ಕಂಡಿದೆ, ಎಷ್ಟೋ ಜನ ಬದುಕಿ ಮನೆಗೆ ಹೋಗಿದ್ದಾರೆ. ನಿಮ್ಮೊಬ್ಬರಿಗಾಗಿ ಅದನ್ನು ಅಳಿಸಬೇಕೆ?

ನೀವು ಸಾಯಬೇಕೆಂದು ನಾನು ಶಾಪ ಹಾಕುವುದಿಲ್ಲ. ಸತ್ತರೆ ತಪ್ಪಿಸಿಕೊಂಡುಬಿಡುತ್ತೀರಿ. ನೀವು ಬದುಕಬೇಕು. ನನ್ನ ಬೇಡಿಕೆ ಇಷ್ಟು: ಆದೇಶ ವಾಪಸ್ ಪಡೆಯಿರಿ. ಹೃದಯತಜ್ಞರು ಸ್ಕ್ಯಾನ್ ಬೇಕೆಂದ ಮೇಲೆ, ಆಯಾ ಇರಲಿ, ಗುಮಾಸ್ತೆ ಇರಲಿ, ಯಾರೂ ನಿಮ್ಮ ಅನುಮತಿಗೆ ಕೈಚಾಚದಂತೆ ಆ ನಿಯಮವನ್ನೇ ತೆಗೆದುಹಾಕಿ. ಆಮೇಲೆ ಅದೇ ಯಂತ್ರದೊಳಗೆ ಹೋಗಿ ಮಲಗಿ, ಈ ಸಲ ಸಾಲಿನಲ್ಲಿ ಕಾದು. ಅವಳು ಎಳೆದುಕೊಳ್ಳಿ ಎಂದಾಗ ಎಳೆದುಕೊಳ್ಳಿ. ಹಿಡಿದುಕೊಳ್ಳಿ ಎಂದಾಗ ಹಿಡಿದುಕೊಳ್ಳಿ. ಹೆದರಬೇಡಿ, ಅವಳು ನಿಮ್ಮಂಥವಳಲ್ಲ. ‘ಆಯ್ತು, ಈಗ ಬಿಡಿ’ ಎಂದು ನಿಮಗೂ ಹೇಳುತ್ತಾಳೆ.

ನಾನು ಹೇಳುವುದಿಲ್ಲ.

ಇಂತಿ,
ಊರಿನವರಿಗೆಲ್ಲ ಸಮಯಕ್ಕೆ ಬ್ರೇಕ್ ಹಾಕುವುದನ್ನು ಕಲಿಸಿ, ನಿಮಗೆ ಹಾಕಲಾಗದೆ ಹೋದ ಡ್ರೈವಿಂಗ್ ಸ್ಕೂಲ್ ಮೇಡಂ,
ಆ ದನಿಯ ಅಕ್ಕ