ತಗಡು ಮಾಮನ ನಡಿಗೆ

ಪ್ರೀತಿಯ ತಗಡು ಮಾಮ,

ನಿನ್ನೆ ಪೇಪರಿನಲ್ಲಿ ನಿಮ್ಮ ಫೋಟೊ ಬಂದಿತ್ತು. ಗುರುತೇ ಹತ್ತಲಿಲ್ಲ. ಬೋಳು ತಲೆ, ದಪ್ಪ ಕನ್ನಡಕ, ಏನನ್ನೋ ಮರೆತು ನಿಂತವರ ನಗು. ಯಾರೋ ನಿವೃತ್ತ ಮೇಷ್ಟ್ರು ತೀರಿಕೊಂಡಿರಬೇಕೆಂದು ಪುಟ ತಿರುಗಿಸಲು ಹೊರಟವಳಿಗೆ ಕೆಳಗೆ ನಾನು ಚಿಕ್ಕವಳಿದ್ದಾಗ ನೋಡುತ್ತಿದ್ದ ಆ ಧಾರಾವಾಹಿಯ ಹೆಸರು ಕಂಡಿತು. ಆಕಾಶನೌಕೆಯ ಯಂತ್ರಮಾನವನಾಗಿ ಅಷ್ಟು ವರ್ಷ ನಮ್ಮ ಮನೆಯ ಟೀವಿಗೆ ಬಂದಿರಿ, ಒಂದು ಸಲವೂ ಆ ತಗಡಿನ ಮುಖವಾಡ ತೆಗೆಯಲಿಲ್ಲ. ಮುಖವೇ ಗೊತ್ತಿಲ್ಲದ ನಿಮಗಾಗಿ ನನ್ನ ಅಂಗಡಿಯಲ್ಲಿ ಕೂತು ಅತ್ತುಬಿಟ್ಟೆ.

ನನ್ನ ಎಡಗಾಲು ಹುಟ್ಟಿನಿಂದಲೇ ತುಸು ಗಿಡ್ಡ. ಅಣ್ಣ ಸೈಕಲ್ಲಿನಲ್ಲಿ ಶಾಲೆಗೆ ಕರೆದೊಯ್ದು, ಬೆಂಚಿನವರೆಗೂ ಎತ್ತಿಕೊಂಡು ಹೋಗಿ ಕೂರಿಸುತ್ತಿದ್ದ. ನಡೆದರೆ ನಗುತ್ತಾರೆ, ನಡೆಯುವುದಿಲ್ಲವೆಂದು ನನ್ನ ಹಟ. ಆಗ ನೀವು ಬಂದಿರಿ. ಬಲಗಾಲು ಮುಂದಿಟ್ಟು, ಒಂದು ಗಳಿಗೆ ತಡೆದು, ಎಡಭುಜ ಇಳಿಸಿ, ಆಮೇಲೆ ಎಡಗಾಲನ್ನು ಮೆಲ್ಲಗೆ ಎಳೆದುಕೊಳ್ಳುವ ಆ ನಡಿಗೆ. ಕಿಟಕಿಯಾಚೆ ನಕ್ಷತ್ರಗಳು ಸರಿಯುತ್ತಿದ್ದವು, ನಿಮಗೆ ಯಾವ ಅವಸರವೂ ಇರಲಿಲ್ಲ. ಅಮ್ಮನ ತೋಳು ಜಗ್ಗಿ, "ಅಮ್ಮಾ, ನೋಡೇ, ನನ್ ಥರಾನೇ ನಡೀತಾನೆ" ಎಂದೆ. "ಅವನಿಗೆ ಹಾಗೆ ನಡೆಯೋಕೆ ಸಂಬಳ ಕೊಡ್ತಾರೆ ಕಣೇ, ನೀನು ಬಿಟ್ಟಿ ನಡೀಬೇಕಲ್ಲ" ಎಂದು ಅಮ್ಮ ನಕ್ಕಳು.

ಮರುದಿನ ಶಾಲೆಯ ಬಾಗಿಲಲ್ಲೇ ಅಣ್ಣನ ತೋಳಿನಿಂದ ಇಳಿದೆ. ಉದ್ದನೆಯ ಕಾರಿಡಾರು, ಆಗಷ್ಟೇ ಒರೆಸಿದ ನೆಲ, ಅದರ ಮೇಲೆ ಕಿಟಕಿಗಳ ಬೆಳಕು ತೇಲುತ್ತಿತ್ತು. ನಾನು ನೌಕೆಯೊಳಗಿದ್ದೆ. ತಡೆದು, ಭುಜ ಇಳಿಸಿ, ಕಾಲೆಳೆದು, ಎಲ್ಲರ ನಡುವೆ ನಡೆದೇಬಿಟ್ಟೆ. ಕುಂಟಿ ಎನ್ನುತ್ತಿದ್ದವರು ರೋಬೋ ಎನ್ನತೊಡಗಿದರು. ಅಣ್ಣ ಮಾತ್ರ ಖಾಲಿ ಕೈಗಳನ್ನು ಏನು ಮಾಡುವುದೆಂದು ತೋಚದೆ, ಗೇಟಿನ ಬಳಿ ಸೈಕಲ್ ಬೆಲ್ ಒತ್ತುತ್ತಾ ನಿಂತಿದ್ದ.

ಆಮೇಲೆ ಎಲ್ಲೆಡೆಗೂ ಹಾಗೆಯೇ ನಡೆದೆ. ಕಾಲೇಜಿಗೆ, ನನ್ನ ಮದುವೆಗೆ, ಅಮ್ಮನನ್ನು ಕೊನೆಯ ಸಲ ನೋಡಲು ಆಸ್ಪತ್ರೆಗೆ. ಈಗ ಕನ್ನಡಕದಂಗಡಿ ಇಟ್ಟಿದ್ದೇನೆ. ಗಿರಾಕಿಗಳಿಲ್ಲದ ಮಧ್ಯಾಹ್ನ ಗಾಜುಗಳ ಮೇಲೆ ಬಿಸಿಲು ಬಿದ್ದಾಗ, ಅಂಗಡಿ ನೆಲ ಬಿಟ್ಟೆದ್ದು ಎಲ್ಲಿಗೋ ಹೊರಟಂತಾಗುತ್ತದೆ. ಒಳಗೆ ನಾನು ನಿಮ್ಮಂತೆ ಓಡಾಡುತ್ತಿರುತ್ತೇನೆ.

ಹೋದ ತಿಂಗಳು ಬಲ ಮಂಡಿ ಕೈಕೊಟ್ಟಿತು. ಫಿಸಿಯೋ ಡಾಕ್ಟರಮ್ಮ ನನ್ನನ್ನು ನಡೆಸಿ, ವಿಡಿಯೊ ಮಾಡಿ, ಮತ್ತೆ ಮತ್ತೆ ನೋಡಿ ಹುಬ್ಬು ಗಂಟಿಕ್ಕಿದರು. "ಕಾಲು ಗಿಡ್ಡ ಇರೋದಕ್ಕೆ ಎಡಗಾಲಿಗೆ ಎತ್ತರದ ಹಿಮ್ಮಡಿ ಹಾಕಿದ ಚಪ್ಪಲಿ ಸಾಕು. ಈ ಭುಜ ಯಾಕೆ ಇಳಿಸ್ತೀರಿ? ನಡುವೆ ಯಾಕೆ ತಡೀತೀರಿ? ಮೂಳೇಲಿ ಇದಕ್ಕೆ ಕಾರಣಾನೇ ಇಲ್ಲ. ಹೀಗೇ ನಡೆದ್ರೆ ಇರೋ ಒಳ್ಳೆ ಕಾಲೂ ಹೋಗುತ್ತೆ" ಎಂದರು. ಕಾರಣ ಟೀವಿಯಲ್ಲಿತ್ತು ಎಂದು ಯಾವ ಬಾಯಲ್ಲಿ ಹೇಳಲಿ? ಯೋಚಿಸುತ್ತೇನೆಂದು ಹೇಳಿ ತಪ್ಪಿಸಿಕೊಂಡು ಬಂದೆ.

ನಿನ್ನೆ ಪೇಪರು ಮಡಿಸಿಟ್ಟಾಗ ಡಾಕ್ಟರಮ್ಮನ ಮಾತು ನೆನಪಾಯಿತು. ನೀವು ಹೋದಿರಿ, ನಿಮ್ಮ ನಡಿಗೆ ನನ್ನಲ್ಲಿ ಉಳಿದಿದೆ. ನಾನೂ ಬಿಟ್ಟುಬಿಟ್ಟರೆ ಈ ಭೂಮಿಯ ಮೇಲೆ ಅದನ್ನು ನಡೆಯುವವರು ಯಾರು? ನಿಮ್ಮನ್ನು ಎರಡನೇ ಸಲ ಕಳಿಸಿಕೊಡುವ ಕೆಲಸ ನನ್ನ ಪಾಲಿಗೆ ಯಾಕೆ ಬರಬೇಕಿತ್ತು ಎಂದು ಸಂಕಟಪಟ್ಟೆ.

ಇವತ್ತು ಬೆಳಿಗ್ಗೆ ಡಾಕ್ಟರಮ್ಮನ ಬಳಿ ಹೋದೆ, ಮಾಮ. ವ್ಯಾಯಾಮದ ಕೋಣೆಯ ದೊಡ್ಡ ಕನ್ನಡಿಯ ಎದುರು, ಹೊಸ ಚಪ್ಪಲಿ ಮೆಟ್ಟಿ, ತಡೆಯದೆ, ಭುಜ ಇಳಿಸದೆ ನಡೆದೆ. ಕನ್ನಡಿಯೊಳಗಿಂದ ಒಬ್ಬ ಹೆಂಗಸು ನನ್ನೆಡೆಗೆ ಬರುತ್ತಿದ್ದಳು. ತುಸುವೇ ಕುಂಟುತ್ತಿದ್ದಳು, ಅಷ್ಟೇ. ಇಷ್ಟು ವರ್ಷವಾದರೂ ಅವಳನ್ನು ನಾನು ನೋಡಿಯೇ ಇರಲಿಲ್ಲ. ಕೋಣೆಯಲ್ಲಿದ್ದವರೆಲ್ಲ ನೋಡುತ್ತಿದ್ದರು, ಅವಳು ಒಬ್ಬಳೇ ಬರುತ್ತಿದ್ದಳು, ಅವಳಿಗೆ ಹೆದರಿಕೆ ಇರಲಿಲ್ಲ.

ಹೋಗಿ ಬನ್ನಿ ಮಾಮ. ನಿಮ್ಮ ದಾರಿ ಹಗುರಾಗಿರಲಿ.

ನೀವು ನಡೆಸಿದ ಹುಡುಗಿ