ಎಡಗೈಯಲ್ಲಿ ಏನಿತ್ತು

ದೊಡ್ಡಗಾಜನೂರು
14 ನವೆಂಬರ್ 2024

ಪ್ರೀತಿಯ ಸಂಗೀತಾ,

ಹೇಗಿದ್ದೀಯೆ? ಸತ್ಯಮಂಗಲದ ಸೆಖೆಗೆ ನಿನ್ನ ತಲೆನೋವು ಜಾಸ್ತಿಯಾಗಿಲ್ಲ ತಾನೆ? ನಿನ್ನ ಪತ್ರ ಬಂದು ತಿಂಗಳಾಯಿತು. ಉತ್ತರ ಬರೆಯಲು ಮೂರು ಸಲ ಕೂತೆ, ಮೂರು ಸಲವೂ ಎದ್ದುಹೋದೆ. ಒಂದೇ ಬೆಂಚಿನಲ್ಲಿ ಕೂತು ಓದಿದವಳು ನೀನು, ಬೇಕಾದಷ್ಟು ಬೈದುಕೋ. ಆದರೆ ಇದನ್ನು ಪೂರ್ತಿ ಓದು.

ನಿಮ್ಮವ್ವನ ಪ್ರತಿಮೆಯ ಕೆಲಸ ಮುಂದುವರಿದಿದೆ. ನಮ್ಮ ಹಿತ್ತಲಿನ ಮಳೆಮಾಪಕವನ್ನು ಇಪ್ಪತ್ತೆರಡು ವರ್ಷ, ದಿನಾ ಬೆಳಿಗ್ಗೆ ಎಂಟೂವರೆಗೆ ನೋಡಿ ಬರೆದಿಟ್ಟವರು ನಿಮ್ಮವ್ವ ಬೊಮ್ಮಮ್ಮ, ನಮ್ಮಪ್ಪ ಅಲ್ಲ ಎಂದು ಊರು ಕೊನೆಗೂ ಒಪ್ಪಿದೆ. ನಮ್ಮ ಕೊಟ್ಟಿಗೆ ಗುಡಿಸಲು ಬರುತ್ತಿದ್ದವರು ನಿನ್ನ ಸ್ಲೇಟು ನೋಡಿ ಅಂಕಿ ಕಲಿತರು. ಆ ಅಂಕಿಗಳನ್ನೇ ನಂಬಿ ಪುಸ್ತಕ ಬರೆದ ವಿಜ್ಞಾನಿ, ಅದರಲ್ಲಿ ನಮ್ಮಪ್ಪನಿಗೆ ಕೃತಜ್ಞತೆ ಹೇಳಿದರು. ಅಪ್ಪ ತಿದ್ದಲಿಲ್ಲ. ಅದನ್ನು ಈಗ ಹೇಳಲು ನನಗೆ ಸಂಕೋಚವಿಲ್ಲ.

ಶಿಲ್ಪಿ ಮನೋಹರ ಚಾಮರಾಜನಗರದಿಂದ ಬಂದಿದ್ದರು. ನಿಮ್ಮವ್ವನದು ಇರುವುದು ಒಂದೇ ಫೋಟೋ, ನಮ್ಮ ಗೇಟಿನ ಮುಂದೆ ಆ ವಿಜ್ಞಾನಿ ತೆಗೆದದ್ದು. ಬಲಗೈಯಲ್ಲಿ ಮಳೆ ಅಳೆಯುವ ಗಾಜಿನ ಜಾಡಿ. ಎಡಗೈಯಲ್ಲೂ ಏನೋ ಇದೆ, ಮಸುಕು. "ಏನಮ್ಮ ಇದು? ಸೋಮವಾರ ಜೇಡಿಮಣ್ಣಲ್ಲಿ ಮಾದರಿ ಶುರು ಮಾಡ್ತೀನಿ, ಅಷ್ಟರೊಳಗೆ ಹೇಳಿ" ಎಂದರು.

ಅಲ್ಲಿಂದ ಶುರುವಾಯಿತು ನೋಡು. ಪ್ರತಿಮೆ ಕಮಿಟಿಯ ನಟರಾಜಣ್ಣ, "ಪುಸ್ತಕ ಇಟ್ಬುಡಿ. ವಿಜ್ಞಾನ ಅಂದ್ಮೇಲೆ ಪುಸ್ತಕ ಇರ್ಲೇಬೇಕಲ್ವಾ" ಎಂದ. ನಮ್ಮತ್ತೆ ಪುಟ್ಟಮಲ್ಲಮ್ಮ, "ಬಿತ್ನೆ ಚೀಲ ಕಣವ್ವ. ಒಲಕ್ಕೋಗೋಳು ಇನ್ನೇನ್ ಇಡ್ಕತಾಳೆ?" ಎಂದರು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. "ಅವತ್ತು ನೀನು ಅಲ್ಲೇ ಇದ್ಯಲ್ಲವ್ವ, ನೆಪ್ಪಿಲ್ವಾ?"

"ನೆಪ್ಪಿಲ್ಲ" ಎಂದುಬಿಟ್ಟೆ. ಹಸಿ ಸುಳ್ಳು. ಅಂದಿನಿಂದ ನನ್ನ ತಲೆ ಕೆಟ್ಟಿದೆ. ನಿಜ ಹೇಳಿದರೆ ನಿಮ್ಮವ್ವನಿಗೆ ಗೌರವವೋ ಅವಮಾನವೋ ತಿಳಿಯುತ್ತಿಲ್ಲ. ಹೇಳದಿದ್ದರೆ ಅವತ್ತು ಅವರ ಕೈಯಲ್ಲಿ ಇರದ ಪುಸ್ತಕ ಕಲ್ಲಿನಲ್ಲಿ ಕೂತುಬಿಡುತ್ತದೆ. ಬೆಳಿಗ್ಗೆ ಹೇಳಬೇಕು ಅನ್ನಿಸುತ್ತದೆ, ಮಧ್ಯಾಹ್ನಕ್ಕೆ ಬೇಡ ಅನ್ನಿಸುತ್ತದೆ. ನಿನಗೆ ಎರಡು ಸಲ ಫೋನು ಮಾಡಿ, ನೀನು ಎತ್ತಿದ ಮೇಲೆ ರಾಗಿ ಬೆಳೆ ವಿಷಯ ಮಾತಾಡಿ ಇಟ್ಟೆ.

ಅದಕ್ಕೇ ಈ ಪತ್ರ. ಪಕ್ಕದ ಮನೆಯ ಮಾದೇವಮ್ಮ ನಾಳೆ ಬಸ್ಸಿಗೆ ನಿಮ್ಮೂರಿಗೆ ಬರುತ್ತಾಳೆ, ಅವಳ ಕೈಲಿ ಕಳಿಸುತ್ತಿದ್ದೇನೆ. ನಿನ್ನ ಮಗಳು ಪರಿಮಳ ಚೆನ್ನಾಗಿ ಓದಲಿ, ಅಜ್ಜಿಯ ಲೆಕ್ಕದ ತಲೆ ಅವಳಿಗೆ ಬರಲಿ.

ನಿನ್ನ
ಶಿವರಂಜನಿ

ತಾ.ಕ.: ಅದು ಚಪ್ಪಲಿ. ಹಿಂದಿನ ದಿನ ತಾಳವಾಡಿಯಲ್ಲಿ ಕೊಂಡ ಹೊಸದು, ಹಸಿರು ಪಟ್ಟಿಯದು. ನಿಮ್ಮವ್ವ ಅದನ್ನು ಮೆಟ್ಟಿಕೊಂಡೇ ನಮ್ಮ ಬೀದಿಗೆ ಬಂದಿದ್ದರು, ಪಕ್ಕದಲ್ಲಿ ನೀನಿದ್ದೆ. ಜಗಲಿಯಿಂದ "ಬೊಮ್ಮಿ, ಚಪ್ಲಿ ಕಳ್ದು ಕೈಲಿ ಇಡ್ಕೊ" ಎಂದು ಕೂಗಿದವಳು ನಾನು. ನನಗೆ ಹನ್ನೊಂದು ವರ್ಷ. ಯಾರೂ ಹೇಳಿಕೊಟ್ಟಿರಲಿಲ್ಲ, ದೊಡ್ಡವರು ನಿಮ್ಮ ಕೇರಿಯವರಿಗೆ ಹೇಳುವುದನ್ನು ನೋಡಿ ನೋಡಿ ಬಂದಿತ್ತು. ಅವರು "ಆಯ್ತು ಕಣವ್ವ" ಎಂದು ಬಗ್ಗಿದರು. ಆಮೇಲೆ ಆ ವಿಜ್ಞಾನಿ ಅವರ ಬಲಗೈಗೆ ಜಾಡಿ ಕೊಟ್ಟು ಫೋಟೋ ತೆಗೆದದ್ದು. ಇಷ್ಟು ವರ್ಷದಲ್ಲಿ ನೀನು ಒಂದು ದಿನವೂ ಆ ಮಾತು ಎತ್ತಲಿಲ್ಲ. ಸೋಮವಾರ ಕಮಿಟಿಯ ಎದುರಿಗೇ ಹೇಳುತ್ತೇನೆ, ಕೂಗಿದವಳು ಯಾರು ಎಂಬುದನ್ನೂ. ಆದರೆ ಆ ಚಪ್ಪಲಿಯನ್ನು ಕೈಯಲ್ಲಿ ಇಡಿಸಲೋ, ಕಾಲಿಗೆ ಹಾಕಿಸಲೋ, ಅದನ್ನು ನೀನು ಹೇಳು.